ಲಿಕ್ವಿಡ್ ಕಲ್ಚರ್: ನೀರು ತಿಳಿಯಾಗಿದ್ದರೆ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲೇ ಅಣಬೆ ಬೀಜ ಮಾಡಿಕೊಳ್ಳೋಣ ಅಂತ ಲಿಕ್ವಿಡ್ ಕಲ್ಚರ್, ಅಂದರೆ ಸಿಹಿನೀರಿನಲ್ಲಿ ಅಣಬೆಯ ದಾರದಂಥ ಎಳೆ ಬೆಳೆಸುವ ವಿಧಾನ, ಪ್ರಯತ್ನಿಸಿದೆ. ನೀರಿಗೆ ಜೇನುತುಪ್ಪ ಬೆರೆಸಿ, ಮೂರು ಗಾಜಿನ ಬಾಟಲಿಗೆ ತುಂಬಿ, ಅರ್ಧ ಗಂಟೆ ಕುದಿಯುವ ನೀರಿನಲ್ಲಿ ಇಟ್ಟೆ. ತಣ್ಣಗಾದ ಮೇಲೆ ತಾಜಾ ಚಿಪ್ಪು ಅಣಬೆಯನ್ನು ಸೀಳಿ, ಒಳಗಿನ ಚೂರನ್ನು ಒಂದೊಂದು ಬಾಟಲಿಗೂ ಹಾಕಿದೆ. ಎರಡು ಬಾಟಲಿ ಎರಡೇ ದಿನಕ್ಕೆ ಮಬ್ಬಾದವು. ಮೂರನೆಯದರಲ್ಲಿ ನೀರು ತಿಳಿಯಾಗಿದೆ, ಒಳಗೆ ಬಿಳಿ ಉಂಡೆ ಬೆಳೆದಿದೆ. ಇದನ್ನು ಬೇಯಿಸಿದ ಕಾಳಿಗೆ ಹಾಕಿ, ಅದರಲ್ಲಿ ಎಳೆ ಹಬ್ಬಿಸಿ ಬೀಜ ಮಾಡಬಹುದಾ? ಜೇನಿನ ಅಳತೆಯಲ್ಲಿ ತಪ್ಪಾಯಿತಾ? ಸರಿಯಾದ ಅಳತೆ ತಿಳಿಸಿ.

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೂರನೆಯ ಬಾಟಲಿಯನ್ನು ಈಗಲೇ ಕಾಳಿಗೆ ಹಾಕಬೇಡಿ. ಅದರಲ್ಲಿ ಬೆಳೆದಿರುವುದು ಚಿಪ್ಪು ಅಣಬೆಯೇ ಇರಬಹುದು, ಬೇರೇನೋ ಇರಬಹುದು. ಬರೀ ಕಣ್ಣಲ್ಲಿ ನೋಡಿ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿದರೆ ವಾರದೊಳಗೆ ಗೊತ್ತಾಗುತ್ತದೆ, ಅದನ್ನು ಮುಂದೆ ವಿವರಿಸುತ್ತೇನೆ.

ಜೇನಿನ ಅಳತೆ ಬಗ್ಗೆ ಚಿಂತೆ ಬಿಡಿ. ಲಿಕ್ವಿಡ್ ಕಲ್ಚರ್ ಕೆಟ್ಟಾಗ ಎಲ್ಲರೂ ಮೊದಲು ಕೇಳುವುದು ಅಳತೆಯನ್ನೇ. ಆದರೆ ಸಕ್ಕರೆ ಸ್ವಲ್ಪ ಜಾಸ್ತಿ ಆಯಿತು, ಕಡಿಮೆ ಆಯಿತು ಅಂತ ಬಾಟಲಿ ಎರಡು ದಿನಕ್ಕೆ ಮಬ್ಬಾಗುವುದಿಲ್ಲ. ನಿಮ್ಮ ವಿವರಣೆಯಲ್ಲಿ ಎರಡು ಕಡೆ ಎಡವಟ್ಟು ಕಾಣುತ್ತಿದೆ. ಒಂದು, ಅಣಬೆಯ ಚೂರನ್ನು ನೇರವಾಗಿ ದ್ರವಕ್ಕೆ ಹಾಕಿದ್ದು. ಇನ್ನೊಂದು, ಬರೀ ಕುದಿಸಿದ್ದು. ಮೊದಲನೆಯದೇ ದೊಡ್ಡದು, ಹಾಗಾಗಿ ಅದರಿಂದಲೇ ಶುರು ಮಾಡೋಣ.

ಅಣಬೆಯ ಒಳಭಾಗ ಶುದ್ಧ ಅಂತ ಓದಿರುತ್ತೀರಿ. ಹೊರಗಿಗಿಂತ ಒಳಗೆ ಶುದ್ಧ ಅನ್ನುವುದು ನಿಜ. ಆದರೆ ಪೂರ್ತಿ ಶುದ್ಧ ಅಲ್ಲ. ಅಣಬೆಯ ಎಳೆಗಳ ನಡುವೆ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ, ಅದರಲ್ಲೂ ನೀರು ಹೀರಿಕೊಂಡ ಅಥವಾ ಕಿತ್ತು ಒಂದೆರಡು ದಿನ ಆದ ಅಣಬೆಯಲ್ಲಿ. ಸೀಳುವಾಗ ಬೆರಳಿನಿಂದ, ಚಾಕುವಿನಿಂದ, ಗಾಳಿಯಿಂದ ಇನ್ನಷ್ಟು ಸೇರುತ್ತವೆ. ಆ ಚೂರನ್ನು ಅಗಾರ್ ತಟ್ಟೆಯ (ಕಡಲಪಾಚಿಯಿಂದ ತೆಗೆದ ಅಗಾರ್ ಹಾಕಿ ಗಟ್ಟಿ ಮಾಡಿದ ಆಹಾರದ ತಟ್ಟೆ) ಮೇಲೆ ಇಟ್ಟಿದ್ದರೆ ಏನಾಗುತ್ತಿತ್ತು? ಬ್ಯಾಕ್ಟೀರಿಯಾ ಚೂರಿನ ಸುತ್ತ ಒದ್ದೆ ಒದ್ದೆಯಾಗಿ ಒಂದು ಕಡೆ ಕೂರುತ್ತಿತ್ತು. ಅಣಬೆಯ ಎಳೆಗಳು ಅದನ್ನು ದಾಟಿ ಹೊರಕ್ಕೆ ಹರಡುತ್ತಿದ್ದವು. ನೀವು ಹೊರ ಅಂಚಿನ ಸ್ವಚ್ಛ ಎಳೆಯನ್ನು ಕತ್ತರಿಸಿ ಹೊಸ ತಟ್ಟೆಗೆ ಹಾಕಿಕೊಳ್ಳಬಹುದಿತ್ತು. ಅಂದರೆ ಅಗಾರ್ ಮೇಲೆ ಸೋಂಕಿಗೆ ಒಂದು ವಿಳಾಸ ಇರುತ್ತದೆ. ದ್ರವದಲ್ಲಿ ಆ ವಿಳಾಸ ಅಳಿಸಿಹೋಗುತ್ತದೆ. ಬಾಟಲಿಯನ್ನು ಒಮ್ಮೆ ಅಲುಗಾಡಿಸಿದರೆ ಸಾಕು, ಒಂದು ಮೂಲೆಯಲ್ಲಿದ್ದದ್ದು ಎಲ್ಲ ಕಡೆ ಹರಡುತ್ತದೆ. ಆಮೇಲೆ ಅದನ್ನು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.

ಇದು ಹಳೆಯ ಕಷ್ಟ. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಕಾಲದ ಪ್ರಯೋಗಾಲಯಗಳಲ್ಲೂ ದ್ರವದಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಮಾಡಲು ಪರದಾಡುತ್ತಿದ್ದರು. ಆಲೂಗಡ್ಡೆ ಹೋಳು, ಜೆಲಟಿನ್ ಎಲ್ಲ ಪ್ರಯತ್ನಿಸಿದರು. ಬೆಚ್ಚಗಾದರೆ ಜೆಲಟಿನ್ ಕರಗಿಬಿಡುತ್ತಿತ್ತು. 1881–82ರ ಹೊತ್ತಿಗೆ, ಕೋಖ್ ಪ್ರಯೋಗಾಲಯದ ವಿಜ್ಞಾನಿಯೊಬ್ಬರ ಪತ್ನಿ ಫ್ಯಾನಿ ಹೆಸ್ ಅವರ ಸಲಹೆಯಿಂದ ಅಗಾರ್ ಬಳಕೆಗೆ ಬಂತು. ಆಮೇಲೆ ಶುದ್ಧ ಕಲ್ಚರ್ ಪಡೆಯುವುದು ಸಾಮಾನ್ಯ ಕೆಲಸವಾಯಿತು. ಮನೆಯ ಅಡುಗೆಮನೆಯಲ್ಲೂ ಕ್ರಮ ಅದೇ: ಅಗಾರ್ ಮೇಲೆ ಶುದ್ಧ ಮಾಡಬೇಕು, ದ್ರವದಲ್ಲಿ ಹೆಚ್ಚಿಸಬೇಕು. ದ್ರವಕ್ಕೆ ಗೊತ್ತಿರುವುದು ಹೆಚ್ಚಿಸುವುದು ಮಾತ್ರ. ನೀವು ಏನು ಕೊಟ್ಟರೂ ಅದನ್ನು ಹೆಚ್ಚಿಸಿ ಕೊಡುತ್ತದೆ. ಈ ಓಟದಲ್ಲಿ ಬ್ಯಾಕ್ಟೀರಿಯಾಗಳೇ ಮುಂದೆ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಅಣಬೆಯ ಎಳೆಗೆ ಅಷ್ಟು ವೇಗ ಎಲ್ಲಿಂದ ಬರಬೇಕು?

ಈಗ ಎರಡನೆಯ ವಿಷಯ, ಕುದಿಸಿದ್ದು. ಕುದಿಯುವ ನೀರಿನ ತಾಪ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬೆಳೆಯುತ್ತಿರುವ ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟು ಎಲ್ಲ ಅಷ್ಟಕ್ಕೇ ಸಾಯುತ್ತವೆ. ಆದರೆ ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆ ಗಟ್ಟಿ ಕವಚದ ಎಂಡೋಸ್ಪೋರ್ ಮಾಡಿಕೊಂಡು ಕೂರುತ್ತವೆ. ಅವು ಕುದಿಯುವ ನೀರನ್ನು ತಡೆದುಕೊಳ್ಳುತ್ತವೆ. ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲೇ ಇದನ್ನು ವಿವರಿಸಿದ್ದರು. ಜೇನಿನಲ್ಲಿ ಇಂಥ ಸ್ಪೋರ್‌ಗಳು ಇರುವುದು ಮಾಮೂಲಿ. ಜೇನು ಬ್ಯಾಕ್ಟೀರಿಯಾವನ್ನು ತಡೆಯುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಗಟ್ಟಿ ಜೇನಿನಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅವು ಬೆಳೆಯಲಾರವು, ಅಷ್ಟೇ. ನೀರಿಗೆ ಬೆರೆಸಿದ ತಕ್ಷಣ ಆ ರಕ್ಷಣೆ ಹೋಗುತ್ತದೆ. ಕುದಿಸಿದ ಬಿಸಿಯೇ ಎಷ್ಟೋ ಸಲ ಸ್ಪೋರ್‌ಗಳನ್ನು ಎಬ್ಬಿಸುತ್ತದೆ. ತಣ್ಣಗಾದ ಸಿಹಿನೀರಿನಲ್ಲಿ ಅವು ಮೊಳೆತು ಬೆಳೆಯುತ್ತವೆ.

ಹಾಗಾಗಿ ಪ್ರೆಶರ್ ಕುಕ್ಕರ್ ಬೇಕೇ ಬೇಕು. ಗುರಿ 121 ಡಿಗ್ರಿ. ಸಮುದ್ರಮಟ್ಟದಲ್ಲಿ 15 ಪಿಎಸ್‌ಐ ಒತ್ತಡಕ್ಕೆ ಈ ತಾಪ ಸಿಗುತ್ತದೆ. ಮನೆ ಕುಕ್ಕರ್‌ಗಳಲ್ಲಿ ಹಲವು ಇದೇ ಒತ್ತಡಕ್ಕೆ ಮಾಡಿದವು, ಆದರೂ ನಿಮ್ಮದರ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಎತ್ತರದ ಊರಿನಲ್ಲಿ ಅದೇ ವೇಟ್ ಹಾಕಿದರೂ ತಾಪ ಒಂದೆರಡು ಡಿಗ್ರಿ ಕಡಿಮೆ ಇರುತ್ತದೆ. ಅಲ್ಲಿ ಐದು ಹತ್ತು ನಿಮಿಷ ಜಾಸ್ತಿ ಇಡಿ.

ಕುಕ್ಕರ್ ಬಳಸುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬಾಟಲಿಗಳನ್ನು ತಳಕ್ಕೆ ತಾಗದಂತೆ ಒಂದು ಜಾಲರಿ ತಟ್ಟೆಯ ಮೇಲಿಡಿ. ನೀರು ಸಾಕಷ್ಟು ಇರಲಿ, ಆದರೆ ಬಾಟಲಿಯ ಮುಚ್ಚಳದವರೆಗೆ ಬರಬಾರದು. ಮುಚ್ಚಳದ ಮೇಲೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಹೊದಿಸಿ. ಕುಕ್ಕರ್ ಮುಚ್ಚಿ, ವೇಟ್ ಹಾಕದೆ ಕಾಯಿಸಿ. ಕೊಳವೆಯಿಂದ ಹಬೆ ಜೋರಾಗಿ ಬರಲು ಶುರುವಾದ ಮೇಲೂ ಐದಾರು ನಿಮಿಷ ಹಾಗೇ ಬಿಡಿ. ಒಳಗಿರುವ ಗಾಳಿ ಪೂರ್ತಿ ಹೊರಹೋಗಬೇಕು. ಗಾಳಿ ಉಳಿದುಕೊಂಡರೆ ಒತ್ತಡ ಬಂದರೂ ತಾಪ 121 ಮುಟ್ಟುವುದಿಲ್ಲ. ಆಮೇಲೆ ವೇಟ್ ಹಾಕಿ. ಒತ್ತಡ ಪೂರ್ತಿ ಬಂದ ಮೇಲೆ ಉರಿ ಸಣ್ಣ ಮಾಡಿ, ಅಲ್ಲಿಂದ 20 ನಿಮಿಷ ಲೆಕ್ಕ ಹಾಕಿ. ವಿಸಿಲ್ ಎಣಿಸಬೇಡಿ, ಗಡಿಯಾರ ನೋಡಿ. ಒಂದೊಂದು ವಿಸಿಲ್‌ಗೂ ಒತ್ತಡ ಥಟ್ಟನೆ ಇಳಿಯುತ್ತದೆ. ಆಗ ಬಾಟಲಿಯೊಳಗಿನ ದ್ರವ ಉಕ್ಕಿ, ಗಾಳಿಗೆಂದು ಮುಚ್ಚಳಕ್ಕೆ ಕೂರಿಸುವ ಫಿಲ್ಟರ್ (ಇದರ ವಿವರ ಮುಂದೆ ಬರುತ್ತದೆ) ಒದ್ದೆಯಾಗುತ್ತದೆ. ಒದ್ದೆ ಫಿಲ್ಟರ್ ಅಂದರೆ ಸೋಂಕಿಗೆ ತೆರೆದ ಬಾಗಿಲು. ಇದೇ ಕಾರಣಕ್ಕೆ ಒಲೆ ಆರಿಸಿದ ಮೇಲೆ ವೇಟ್ ಎತ್ತಬೇಡಿ, ಮೇಲೆ ತಣ್ಣೀರು ಹಾಕಬೇಡಿ. ತಾನಾಗಿಯೇ ಇಳಿಯಲಿ.

20 ನಿಮಿಷ ಅಂದರೆ 20 ನಿಮಿಷವೇ. ಇನ್ನೂ ಖಚಿತವಾಗಲಿ ಅಂತ ಒಂದು ಗಂಟೆ ಇಟ್ಟರೆ ಸಕ್ಕರೆ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗಾದ ದ್ರವದಲ್ಲಿ ಎಳೆಗಳು ನಿಧಾನ ಬೆಳೆಯುತ್ತವೆ, ಬಣ್ಣದಿಂದಾಗಿ ಒಳಗೇನು ನಡೆಯುತ್ತಿದೆ ಅನ್ನುವುದೂ ಕಾಣುವುದಿಲ್ಲ. ನಮಗೆ ತಿಳಿಯಾದ ದ್ರವ ಬೇಕಾಗಿರುವುದೇ ಒಳಗಿನದು ಕಾಣಲಿ ಅಂತ. ಕಾಳಿನ ಬಾಟಲಿಗೆ ಒಂದೂವರೆ ಗಂಟೆ, ಎರಡು ಗಂಟೆ ಬೇಕಾಗುತ್ತದೆ ನಿಜ, ಅದು ಬೇರೆ ಲೆಕ್ಕ. ಕಾಳಿನ ರಾಶಿಯ ನಡುವಿಗೆ ಬಿಸಿ ತಲುಪುವುದು ನಿಧಾನ.

ಇನ್ನೊಂದು ಕೆಲಸ ಮಾಡಿ, ಇದರಿಂದ ನಿಮ್ಮ ಎಷ್ಟೋ ಅನುಮಾನಗಳು ತಾವಾಗಿಯೇ ಪರಿಹಾರವಾಗುತ್ತವೆ. ಪ್ರತಿ ಸಲ ದ್ರವ ತಯಾರಿಸುವಾಗ ಒಂದು ಬಾಟಲಿ ಹೆಚ್ಚಿಗೆ ಮಾಡಿ. ಅದನ್ನೂ ಅದೇ ಕುಕ್ಕರ್‌ನಲ್ಲಿ ಬೇಯಿಸಿ. ಅದಕ್ಕೆ ಏನೂ ಹಾಕದೆ ಉಳಿದವುಗಳ ಪಕ್ಕದಲ್ಲೇ ಒಂದು ವಾರ ಇಡಿ. ಈ ಖಾಲಿ ಬಾಟಲಿ ಮಬ್ಬಾದರೆ ಕುಕ್ಕರ್‌ನಲ್ಲೋ ಮುಚ್ಚಳದಲ್ಲೋ ದೋಷ ಇದೆ ಅಂತ ಅರ್ಥ. ಖಾಲಿ ಬಾಟಲಿ ತಿಳಿಯಾಗಿದ್ದು ಉಳಿದವು ಕೆಟ್ಟರೆ ನೀವು ಹಾಕಿದ ಕಲ್ಚರ್‌ನಲ್ಲಿ ಅಥವಾ ಹಾಕುವ ಕ್ಷಣದಲ್ಲಿ ತಪ್ಪಾಗಿದೆ. ಕಲ್ಚರ್ ಹಾಕಿದ ಬಾಟಲಿಗಳೆಲ್ಲ ಒಟ್ಟಿಗೇ ಕೆಟ್ಟರೆ ಕಲ್ಚರ್ ಮೇಲೆ ಅನುಮಾನ ಜಾಸ್ತಿ. ಅಲ್ಲೊಂದು ಇಲ್ಲೊಂದು ಕೆಟ್ಟರೆ ಕೈಕೆಲಸದ ಮೇಲೆ. ಈ ಒಂದು ಬಾಟಲಿ ಇಲ್ಲದೆ ಸುಮ್ನೆ ಅಳತೆ ಬದಲಾಯಿಸುತ್ತಾ ಹೋದರೆ ತಪ್ಪು ಎಲ್ಲಿದೆ ಅಂತ ಎಂದೂ ತಿಳಿಯುವುದಿಲ್ಲ. ಜೊತೆಗೆ ಮಬ್ಬು ಅಂದರೆ ಏನು ಅಂತ ಹೋಲಿಸಿ ನೋಡಲೂ ಅದು ಒದಗುತ್ತದೆ. ಕೆಲವು ಮಾಲ್ಟ್ (ಮೊಳಕೆ ಬಾರ್ಲಿಯ ಸಾರ) ದ್ರವಗಳು ಮೊದಲಿನಿಂದಲೇ ಸ್ವಲ್ಪ ಮಬ್ಬಾಗಿರುತ್ತವೆ.

ಈಗ ನಿಮ್ಮ ಬಾಟಲಿಗಳಿಗೆ ಬರೋಣ. ಮಬ್ಬಾದ ಎರಡನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ. ತೆರೆಯದೆ ಹಾಗೇ, ಮುಚ್ಚಳದ ಫಿಲ್ಟರ್ ಅಥವಾ ತೂತು ಕಟ್ಟಿಲ್ಲ ಅಂತ ನೋಡಿಕೊಂಡು, ಕುಕ್ಕರ್‌ನಲ್ಲಿ ಅರ್ಧ ಗಂಟೆ ಒತ್ತಡದಲ್ಲಿ ಬೇಯಿಸಿ. ತಣ್ಣಗಾದ ಮೇಲೆ ಚೆಲ್ಲಿ ತೊಳೆಯಿರಿ. ತೆರೆದು ಮೂಸಿ ನೋಡಬೇಡಿ. ಮುಂದೆ ಎಂದಾದರೂ ಹಸಿರು, ಕಪ್ಪು ಪುಡಿ ಕಂಡ ಬಾಟಲಿಗೂ ಇದೇ ನಿಯಮ. ಬೂಸ್ಟಿನ ಸ್ಪೋರ್ (ಬೀಜದಂಥ ಸೂಕ್ಷ್ಮ ಕಣಗಳು) ಮನೆಯೊಳಗೆ ಹಾರಿದರೆ ನಿಮ್ಮ ಮುಂದಿನ ಕೆಲಸವೂ ಕೆಡುತ್ತದೆ, ಉಸಿರಾಟಕ್ಕೂ ಒಳ್ಳೆಯದಲ್ಲ.

ಮೂರನೆಯ ಬಾಟಲಿಯನ್ನು ಅಲುಗಾಡಿಸದೆ ಒಂದು ದಿನ ಬಿಡಿ. ಆಮೇಲೆ ಕಪ್ಪು ಬಟ್ಟೆಯ ಮುಂದೆ ಹಿಡಿದು, ಪಕ್ಕದಿಂದ ಟಾರ್ಚ್ ಬೆಳಕು ಬಿಡಿ. ಬಿಳಿ ಉಂಡೆಗಳ ನಡುವಿನ ದ್ರವ ಖಾಲಿ ಬಾಟಲಿಯಷ್ಟೇ ತಿಳಿಯಾಗಿರಬೇಕು. ಮೆಲ್ಲಗೆ ತಿರುಗಿಸಿದಾಗ ಹೊಳೆಯುವ ರೇಷ್ಮೆ ಗೆರೆಗಳು ಸುಳಿದರೆ ಬ್ಯಾಕ್ಟೀರಿಯಾ ಇದೆ. ತಳದಲ್ಲಿ ನುಣುಪಾದ ಕೆನೆಬಣ್ಣದ ಗಸಿ ಕೂತಿದ್ದು, ಅಲುಗಿಸಿದಾಗ ಹೊಗೆಯಾಡಿದರೆ ಯೀಸ್ಟ್ ಇರಬಹುದು. ದ್ರವದ ಮೇಲ್ಮೈಯಲ್ಲಿ ಗಾಜಿಗೆ ಅಂಟಿದ ಬಣ್ಣದ ಉಂಗುರ ಕಂಡರೆ ಅದೂ ಕೆಟ್ಟ ಸೂಚನೆ.

ಇವು ಯಾವುವೂ ಕಾಣಲಿಲ್ಲ ಅನ್ನೋಣ. ಆದರೂ ಸಾಲದು. ಎರಡು ಕಾರಣ ಇವೆ. ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ದ್ರವ ತಿಳಿಯಾಗಿಯೇ ಕಾಣುತ್ತದೆ. ಒಂದು ಮಿಲಿಲೀಟರ್‌ನಲ್ಲಿ ಲಕ್ಷಗಟ್ಟಲೆ ಇದ್ದರೂ ಕಣ್ಣಿಗೆ ಮಬ್ಬು ಕಾಣದಿರಬಹುದು. ಇನ್ನು ಎರಡನೆಯ ಕಾರಣ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಟ್ರೈಕೋಡರ್ಮಾ, ಪೆನಿಸಿಲಿಯಂ ಥರದ ಬೂಸ್ಟುಗಳ ಎಳೆಯೂ ಬಿಳಿಯೇ. ಹಸಿರು ಬಣ್ಣ ಬರುವುದು ಅವು ಸ್ಪೋರ್ ಬಿಟ್ಟಾಗ. ದ್ರವದೊಳಗೆ ಮುಳುಗಿದ್ದಾಗ ಅವು ಎಷ್ಟೋ ಸಲ ಸ್ಪೋರ್ ಬಿಡದೆ ಬಿಳಿ ಉಂಡೆಯಾಗಿಯೇ ಬೆಳೆಯುತ್ತವೆ. ಚೆಂದದ ಬಿಳಿ ಮೋಡ, ತಿಳಿನೀರು. ನೋಡಿದವರಿಗೆ ಖುಷಿಯಾಗುತ್ತದೆ. ಕಾಳಿಗೆ ಹಾಕಿದ ವಾರಕ್ಕೆ ಇಡೀ ಬಾಟಲಿ ಹಸಿರಾಗುತ್ತದೆ. ನಿಮ್ಮದು ಚಿಪ್ಪು ಅಣಬೆಯ ಚೂರಿನಿಂದ ಬಂದದ್ದು, ಅದಕ್ಕೇ ಒಳ್ಳೆಯದಿರುವ ಸಾಧ್ಯತೆ ಇದೆ. ಆದರೆ ಉಳಿದೆರಡು ಬಾಟಲಿಗೆ ಆದದ್ದು ಇದಕ್ಕೂ ಸ್ವಲ್ಪ ತಾಗಿರಬಹುದು, ಅಲ್ವಾ?

ಪರೀಕ್ಷೆ ಹೀಗೆ. 250 ಮಿಲಿಲೀಟರ್ ನೀರಿಗೆ 5 ಗ್ರಾಂ ಮಾಲ್ಟ್ ಎಕ್ಸ್‌ಟ್ರಾಕ್ಟ್, 5 ಗ್ರಾಂ ಅಗಾರ್ ಹಾಕಿ, ಕುಕ್ಕರ್‌ನಲ್ಲಿ ಬೇಯಿಸಿ, ಶುದ್ಧ ತಟ್ಟೆಗಳಿಗೆ ಸುರಿದುಕೊಳ್ಳಿ. ಮಾಲ್ಟ್ ಸಿಗದಿದ್ದರೆ ಆಲೂಗಡ್ಡೆ ಬೇಯಿಸಿದ ನೀರು ಮತ್ತು ಡೆಕ್ಸ್‌ಟ್ರೋಸ್ ಆಗುತ್ತದೆ. ಲೀಟರಿಗೆ 200 ಗ್ರಾಂ ಆಲೂಗಡ್ಡೆಯ ಬಸಿ, 20 ಗ್ರಾಂ ಡೆಕ್ಸ್‌ಟ್ರೋಸ್ ಅನ್ನುವುದು ಪ್ರಯೋಗಾಲಯಗಳ ಹಳೆಯ ಲೆಕ್ಕ. ತಟ್ಟೆ ಗಟ್ಟಿಯಾದ ಮೇಲೆ ಬಾಟಲಿಯ ಒಂದೆರಡು ಹನಿಯನ್ನು ಅದರ ಮೇಲೆ ಬಿಡಿ. ಎಳೆಯ ಚೂರು ಇಲ್ಲದ ಬರೀ ದ್ರವದ ಹನಿಯನ್ನೂ ಇನ್ನೊಂದು ತಟ್ಟೆಗೆ ಬಿಡಿ. ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲೇ ಹನಿ ಬಿದ್ದ ಜಾಗ ಹೊಳಪಾಗಿ, ಲೋಳೆಯಾಗಿ ಕಾಣುತ್ತದೆ. ಬೂಸ್ಟಾದರೆ ನಾಲ್ಕೈದು ದಿನದಲ್ಲಿ ಬಣ್ಣ ಬರುತ್ತದೆ. ಚಿಪ್ಪು ಅಣಬೆಯಾದರೆ ಒತ್ತಾದ ಬಿಳಿ ಎಳೆಗಳು ಅಂಚು ಕಟ್ಟಿಕೊಂಡು ಸಮನಾಗಿ ಹೊರಕ್ಕೆ ಹೋಗುತ್ತವೆ, ಬಿಳಿಯಾಗಿಯೇ ಉಳಿಯುತ್ತವೆ. ಒಂದು ವಾರ ಪೂರ್ತಿ ಕಾಯಿರಿ.

ಮೈಕ್ರೋಸ್ಕೋಪ್ ಕೈಗೆ ಸಿಗುವಂತಿದ್ದರೆ ಇನ್ನೂ ಖಚಿತ. 400 ಪಟ್ಟು ಹಿಗ್ಗಿಸಿ ನೋಡಿದಾಗ ಚಿಪ್ಪು ಅಣಬೆಯ ಎಳೆಗಳಲ್ಲಿ ಅಡ್ಡಗೋಡೆ ಇರುವ ಕಡೆ ಪಕ್ಕಕ್ಕೆ ಒಂದು ಪುಟ್ಟ ಗಂಟು ಕಾಣುತ್ತದೆ. ಇದಕ್ಕೆ ಕ್ಲ್ಯಾಂಪ್ ಕನೆಕ್ಷನ್ ಅನ್ನುತ್ತಾರೆ. ಟ್ರೈಕೋಡರ್ಮಾ, ಪೆನಿಸಿಲಿಯಂಗಳಲ್ಲಿ ಇದು ಇರುವುದಿಲ್ಲ. ಆದರೆ ಬಟನ್ ಅಣಬೆ, ಭತ್ತದ ಹುಲ್ಲಿನ ಅಣಬೆಗಳಲ್ಲೂ ಇರುವುದಿಲ್ಲ. ಹಾಗಾಗಿ ಈ ಗುರುತನ್ನು ಎಲ್ಲ ಜಾತಿಗೂ ಹಚ್ಚಬೇಡಿ.

ಅಗಾರ್ ಸಿಗಲೇ ಇಲ್ಲ ಅಂದರೆ ಒಂದೇ ಒಂದು ಸಣ್ಣ ಕಾಳಿನ ಬಾಟಲಿಗೆ ಹಾಕಿ ಹತ್ತು ದಿನ ನೋಡಿ. ಅದು ಗೆದ್ದ ಮೇಲೆ ಉಳಿದದ್ದು. ಇದು ಅಗಾರ್‌ಗೆ ಸಮ ಅಲ್ಲ. ಕಾಳಿನ ನಡುವೆ ಅಡಗಿದ ಬ್ಯಾಕ್ಟೀರಿಯಾ ತಡವಾಗಿ ಕಾಣುತ್ತದೆ. ಆದರೂ ಎಲ್ಲ ಕಾಳನ್ನೂ ಒಮ್ಮೆಗೇ ಪಣಕ್ಕಿಡುವುದಕ್ಕಿಂತ ವಾಸಿ.

ಪರೀಕ್ಷೆಯ ತಟ್ಟೆಯಲ್ಲಿ ಸ್ವಚ್ಛ ಎಳೆ ಬಂದರೆ ಬಾಟಲಿಗಿಂತ ಆ ತಟ್ಟೆಯೇ ನಿಮಗೆ ದೊಡ್ಡ ಆಸ್ತಿ. ಅದರ ಅಂಚಿನಿಂದ ಇನ್ನೊಂದು ತಟ್ಟೆಗೆ ಹಾಕಿ, ಅದೂ ಸ್ವಚ್ಛ ಬಂದರೆ, ಅಲ್ಲಿಂದ ಹೊಸ ಲಿಕ್ವಿಡ್ ಕಲ್ಚರ್ ಶುರು ಮಾಡಿ.

ಕೇಳಿದ್ದೀರಿ, ಅಳತೆಯನ್ನೂ ಹೇಳುತ್ತೇನೆ. 300 ಮಿಲಿಲೀಟರ್ ನೀರಿಗೆ 6ರಿಂದ 12 ಗ್ರಾಂ, ಅಂದರೆ ನೂರಕ್ಕೆ 2ರಿಂದ 4 ಭಾಗ ಸಿಹಿ. ಜೇನು, ಡೆಕ್ಸ್‌ಟ್ರೋಸ್, ತಿಳಿಬಣ್ಣದ ಮಾಲ್ಟ್ ಎಕ್ಸ್‌ಟ್ರಾಕ್ಟ್, ಯಾವುದಾದರೂ ಸರಿ. ನಾನು ಮಾಲ್ಟ್ ಕಡೆಗೆ ವಾಲುತ್ತೇನೆ, ಅದರಲ್ಲಿ ಸಕ್ಕರೆ ಜೊತೆಗೆ ಸ್ವಲ್ಪ ಸಾರಜನಕವೂ ಖನಿಜಗಳೂ ಇರುತ್ತವೆ. ಜೇನಿನಲ್ಲಿ ಅವು ತೀರಾ ಕಡಿಮೆ. ಬೇಕಿದ್ದರೆ ಒಂದು ಚಿಟಿಕೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಥವಾ ಪೆಪ್ಟೋನ್ ಸೇರಿಸಬಹುದು, ಬೆಳವಣಿಗೆ ಚುರುಕಾಗುತ್ತದೆ. ಸಿಹಿ ಜಾಸ್ತಿ ಹಾಕಿದರೆ ಬೇಗ ಬೆಳೆಯುತ್ತದೆ ಅನ್ನುವುದು ತಪ್ಪು. ಸಕ್ಕರೆ ಹೆಚ್ಚಾದಷ್ಟೂ ಎಳೆಗಳು ನೀರು ಹೀರಲು ಹೆಣಗುತ್ತವೆ. ಬಾಟಲಿಯ ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ. ಒಳಗೆ ಒಂದು ಗಾಜಿನ ಗೋಲಿ ಅಥವಾ ಅಯಸ್ಕಾಂತದ ಕಲಕುಕಡ್ಡಿ ಹಾಕಿ, ಆಮೇಲೆ ಬೇಯಿಸಿ. ಇದರ ಉಪಯೋಗ ಮುಂದೆ ಬರುತ್ತದೆ.

ಮುಚ್ಚಳಕ್ಕೆ ಎರಡು ತೂತು ಬೇಕು. ಒಂದಕ್ಕೆ ಬಿಸಿ ತಡೆಯುವ ಸಿಲಿಕೋನ್ ಅಂಟು ದಪ್ಪಗೆ ಹಾಕಿ ಒಣಗಿಸಿ. ಸೂಜಿ ಚುಚ್ಚಿ ತೆಗೆದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇನ್ನೊಂದಕ್ಕೆ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಕೂರಿಸಿ. ಗಾಳಿ ಹೋಗುವ ದಾರಿ ಇಲ್ಲದಿದ್ದರೆ ಎಳೆಗಳಿಗೆ ಆಮ್ಲಜನಕ ಸಿಗುವುದಿಲ್ಲ. ಅಷ್ಟೇ ಅಲ್ಲ, ಕುಕ್ಕರ್‌ನಿಂದ ತೆಗೆದ ಬಾಟಲಿ ತಣ್ಣಗಾಗುವಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಫಿಲ್ಟರ್ ಮೂಲಕವೇ ಒಳಗೆ ಹೋಗಬೇಕು. ಸಡಿಲ ಮುಚ್ಚಳದ ಸಂದಿನಿಂದ ಹೋದರೆ ನಿಮ್ಮ ಅಷ್ಟೂ ಶ್ರಮ ವ್ಯರ್ಥ.

ತಟ್ಟೆಯಿಂದ ಬಾಟಲಿಗೆ ಸಾಗಿಸುವುದನ್ನು ನಿಶ್ಚಲ ಗಾಳಿಯಲ್ಲಿ ಮಾಡಬೇಕು. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬವನ್ನು ಬೋರಲು ಹಾಕಿ, ಕೈ ತೂರಿಸಲು ಎರಡು ತೂತು ಮಾಡಿಕೊಂಡರೆ ಸಾಕು. ಫ್ಯಾನ್, ಎಸಿ ಆರಿಸಿ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿಯಲ್ಲಿರುವ ಧೂಳು ಕೆಳಗೆ ಕೂರುತ್ತದೆ. ಕೈಗವಸು, ಡಬ್ಬದ ಒಳಮೈ, ಬಾಟಲಿಯ ಮುಚ್ಚಳ ಎಲ್ಲವನ್ನೂ ನೂರಕ್ಕೆ 70 ಭಾಗದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. 70 ಯಾಕೆ ಅಂದರೆ, ನೀರಿನಂಶ ಇದ್ದರೆ ಅದು ಜೀವಕೋಶದ ಒಳಗೆ ಚೆನ್ನಾಗಿ ಇಳಿಯುತ್ತದೆ, ನಿಧಾನ ಆರುತ್ತದೆ. ಶುದ್ಧ ಆಲ್ಕೋಹಾಲ್ ಅಷ್ಟು ಕೆಲಸ ಮಾಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಡಬ್ಬದೊಳಗೆ ಆಲ್ಕೋಹಾಲ್ ಸಿಂಪಡಿಸಿ ಅಲ್ಲೇ ದೀಪ ಹಚ್ಚಬೇಡಿ. ಆವಿ ತುಂಬಿದ ಮುಚ್ಚಿದ ಜಾಗದಲ್ಲಿ ಬೆಂಕಿ ಭಗ್ಗನೆ ಹತ್ತುತ್ತದೆ, ಕೈ ಒಳಗೇ ಇರುತ್ತದೆ. ಸೂಜಿಯನ್ನು ಡಬ್ಬದ ಹೊರಗೆ, ದೂರದಲ್ಲಿಟ್ಟ ಸ್ಪಿರಿಟ್ ದೀಪದಲ್ಲಿ ಕೆಂಪಾಗುವಷ್ಟು ಕಾಯಿಸಿ. ಕೈಗವಸಿನ ಮೇಲಿನ ಆಲ್ಕೋಹಾಲ್ ಪೂರ್ತಿ ಆರಿರಬೇಕು. ಬಾಟಲಿ, ಸ್ಪ್ರೇ ಯಾವುದೂ ದೀಪದ ಹತ್ತಿರ ಬೇಡ.

ಸಾಗಿಸುವ ಸುಲಭ ದಾರಿ ಒಂದಿದೆ. ಕುಕ್ಕರ್‌ನಲ್ಲಿ ಬೇಯಿಸಿದ ಬರೀ ನೀರನ್ನು ಸಿರಿಂಜ್‌ಗೆ ಎಳೆದುಕೊಳ್ಳಿ. ತಟ್ಟೆಯ ಎಳೆಗಳ ಮೇಲೆ ಸ್ವಲ್ಪ ಬಿಟ್ಟು, ಸೂಜಿಯಿಂದಲೇ ಮೆಲ್ಲಗೆ ಕೆರೆದು, ಎಳೆಯ ಚೂರುಗಳ ಸಮೇತ ಮತ್ತೆ ಎಳೆದುಕೊಳ್ಳಿ. ಅದನ್ನು ಸಿಲಿಕೋನ್ ತೂತಿನ ಮೂಲಕ ಬಾಟಲಿಗೆ ಬಿಡಿ. ಮುಚ್ಚಳ ತೆರೆಯುವ ಪ್ರಸಂಗವೇ ಬರುವುದಿಲ್ಲ. 16 ಅಥವಾ 18 ಗೇಜ್ ದಪ್ಪದ ಸೂಜಿ ಇರಲಿ, ತೆಳು ಸೂಜಿ ಕಟ್ಟಿಕೊಳ್ಳುತ್ತದೆ.

ಸ್ಪೋರ್‌ನಿಂದ ಲಿಕ್ವಿಡ್ ಕಲ್ಚರ್ ಮಾಡಬಹುದಾ ಅನ್ನುವ ಪ್ರಶ್ನೆ ಮುಂದೆ ನಿಮಗೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಡ. ಅಣಬೆಯ ಅಡಿಯಿಂದ ಉದುರಿದ ಸ್ಪೋರ್ ಜೊತೆಗೆ ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ಮೇಲಾಗಿ ಒಂದೊಂದು ಸ್ಪೋರ್ ಗುಣವೂ ಬೇರೆ. ದ್ರವದಲ್ಲಿ ಅವೆಲ್ಲ ಕಲಸಿಹೋಗಿ ಯಾವ ತಳಿ ಬೆಳೆಯುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಸ್ಪೋರ್ ಕೂಡ ಮೊದಲು ಅಗಾರ್‌ಗೇ ಹೋಗಬೇಕು. ಕಾಡಿನಲ್ಲಿ ಸಿಕ್ಕ, ಜಾತಿ ಖಚಿತವಿಲ್ಲದ ಅಣಬೆಯನ್ನಂತೂ ತಿನ್ನುವ ಉದ್ದೇಶಕ್ಕೆ ಬೆಳೆಸಲೇಬೇಡಿ.

ಬಾಟಲಿಯನ್ನು 22ರಿಂದ 25 ಡಿಗ್ರಿ ಇರುವ, ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಚಿಪ್ಪು ಅಣಬೆಯಾದರೆ ಮೂರ್ನಾಲ್ಕು ದಿನದಲ್ಲಿ ಸಣ್ಣ ಬಿಳಿ ಚುಕ್ಕೆಗಳು ತೇಲುತ್ತವೆ, ಒಂದೆರಡು ವಾರದಲ್ಲಿ ಬಳಸುವಷ್ಟು ಬೆಳೆಯುತ್ತದೆ. ಶಿಟಾಕೆ ಅಣಬೆ ಇದಕ್ಕಿಂತ ನಿಧಾನ. ಲಯನ್ಸ್ ಮೇನ್ ಅಣಬೆ ಬಹಳ ತೆಳ್ಳಗೆ, ಕಂಡೂ ಕಾಣದಂತೆ ಬೆಳೆಯುತ್ತದೆ, ಬೆಳೆದಿಲ್ಲ ಅಂತ ಎಸೆದುಬಿಡಬೇಡಿ. ಹಾಲು ಅಣಬೆಗೆ ಇನ್ನೂ ಬೆಚ್ಚಗಿನ ಜಾಗ ಬೇಕು, 28–30 ಡಿಗ್ರಿಯಲ್ಲಿ ಅದು ಖುಷಿಯಾಗಿರುತ್ತದೆ.

ದಿನಕ್ಕೊಂದು ಸಲ ಅರ್ಧ ನಿಮಿಷ ಬಾಟಲಿಯನ್ನು ಸುತ್ತಿಸಿ. ಗೋಲಿಗೆ ತಾಗಿ ಉಂಡೆಗಳು ಒಡೆಯುತ್ತವೆ. ಒಡೆದ ಪ್ರತಿ ಚೂರಿನ ತುದಿಯಿಂದಲೂ ಹೊಸ ಬೆಳವಣಿಗೆ ಶುರುವಾಗುತ್ತದೆ, ದ್ರವಕ್ಕೆ ಗಾಳಿಯೂ ಬೆರೆಯುತ್ತದೆ. ಸುಮ್ನೆ ಬಿಟ್ಟರೆ ಎಳೆಗಳು ಆಮ್ಲಜನಕ ಹುಡುಕಿಕೊಂಡು ಮೇಲೆ ಬಂದು ದಪ್ಪ ಚಾಪೆ ಕಟ್ಟುತ್ತವೆ. ಆಮೇಲೆ ಅದನ್ನು ಸೂಜಿಯಲ್ಲಿ ಎಳೆಯಲು ಆಗುವುದಿಲ್ಲ. ಅಣಬೆಯ ಎಳೆಯನ್ನು ದ್ರವದೊಳಗೆ ಮುಳುಗಿಸಿ ಬೆಳೆಸುವ ಬಗ್ಗೆ ಅಮೆರಿಕದ ವಿಜ್ಞಾನಿ ಹ್ಯಾರಿ ಹಂಫೆಲ್ಡ್ 1948ರಲ್ಲೇ ಪ್ರಕಟಿಸಿದ್ದರು. ಅಂದಿನಿಂದ ಇಂದಿನ ದೊಡ್ಡ ಟ್ಯಾಂಕ್‌ಗಳವರೆಗೆ ಗಾಳಿ ಬೆರೆಸುವುದು, ಕಲಕುವುದು ಈ ಕೆಲಸದ ಮುಖ್ಯ ಭಾಗವಾಗಿಯೇ ಉಳಿದಿದೆ. ಸುತ್ತಿಸುವಾಗ ದ್ರವ ಫಿಲ್ಟರ್‌ಗೆ ಎರಚದಂತೆ ನೋಡಿಕೊಳ್ಳಿ.

ಬಳಸುವಾಗ ಒಂದು ಲೀಟರ್ ಬಾಟಲಿಯ ಕಾಳಿಗೆ 2–3 ಮಿಲಿಲೀಟರ್ ಸಾಕು. ಜಾಸ್ತಿ ಹಾಕಿದರೆ ಬೇಗ ಹರಡುತ್ತದೆ ಅಂತ ಅನ್ನಿಸುತ್ತದೆ, ಆದರೆ ಹೆಚ್ಚಾದ ದ್ರವ ತಳದಲ್ಲಿ ನಿಂತು ಬ್ಯಾಕ್ಟೀರಿಯಾಕ್ಕೆ ನೆಲೆ ಮಾಡಿಕೊಡುತ್ತದೆ. ಕಾಳಿನ ಹೊರಮೈ ಒಣಗಿರಬೇಕು. ಇನ್ನೊಂದು ಮುಖ್ಯ ವಿಷಯ: ಲಿಕ್ವಿಡ್ ಕಲ್ಚರ್ ಪೂರ್ತಿ ಸ್ಟೆರಿಲೈಸ್ ಆದ ಕಾಳಿಗೆ ಮಾತ್ರ. ಬಿಸಿನೀರಿನಲ್ಲಿ ನೆನೆಸಿ ಪಾಶ್ಚರೀಕರಿಸಿದ ಹುಲ್ಲಿಗೆ ನೇರವಾಗಿ ಹಾಕಬೇಡಿ. ಅಲ್ಲಿ ಬದುಕಿ ಉಳಿದಿರುವ ಸೂಕ್ಷ್ಮಜೀವಿಗಳಿಗೆ ನೀವೇ ಸಕ್ಕರೆ ನೀರು ಕೊಟ್ಟಂತಾಗುತ್ತದೆ. ಹುಲ್ಲಿಗೆ ಕಾಳಿನ ಬೀಜವೇ ಸರಿ. ಈ ದ್ರವ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದಾ ಅಂತ ಕೇಳುವವರೂ ಇದ್ದಾರೆ. ಕುಡಿಯಬೇಡಿ. ಅದರಲ್ಲಿ ಬೇರೇನು ಬೆಳೆದಿದೆ ಅನ್ನುವ ಖಾತ್ರಿ ಮನೆಯಲ್ಲಿ ಸಿಗುವುದಿಲ್ಲ.

ನಿಮಗೆ ನಿಜಕ್ಕೂ ಲಿಕ್ವಿಡ್ ಕಲ್ಚರ್ ಬೇಕಾ ಅಂತಲೂ ಯೋಚಿಸಿ. ತಿಂಗಳಿಗೆ ಎರಡು ಮೂರು ಬಾಟಲಿ ಕಾಳಿನ ಬೀಜ ಸಾಕು ಅನ್ನುವವರಿಗೆ ಅಗಾರ್ ತಟ್ಟೆಯ ಚೂರನ್ನೇ ನೇರವಾಗಿ ಕಾಳಿಗೆ ಹಾಕುವುದು ಉತ್ತಮ. ಒಂದು ಹಂತ ಕಡಿಮೆ, ಸೋಂಕಿನ ಅವಕಾಶವೂ ಕಡಿಮೆ. ಹತ್ತಾರು ಬಾಟಲಿ ಒಮ್ಮೆಗೇ ಮಾಡುವವರಿಗೆ ದ್ರವದಿಂದ ದೊಡ್ಡ ಅನುಕೂಲ ಇದೆ. ಸಿರಿಂಜ್‌ನಿಂದ ಬೇಗ ಬೇಗ ಹಾಕಬಹುದು, ಎಳೆ ಕಾಳಿನ ನಡುವೆ ಎಲ್ಲ ಕಡೆಯಿಂದ ಹರಡುತ್ತದೆ.

ಒಂದು ಬಾಟಲಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ದ್ರವದಿಂದ ದ್ರವಕ್ಕೆ ಹೋಗುತ್ತಲೇ ಇರಬೇಡಿ. ಕಣ್ಣಿಗೆ ಕಾಣದ ಸಣ್ಣ ಸೋಂಕು ಪ್ರತಿ ಸಲವೂ ದೊಡ್ಡದಾಗುತ್ತದೆ. ಮತ್ತೆ ಮತ್ತೆ ಬೆಳೆಸಿದ ತಳಿಯ ಕಸುವೂ ಕುಗ್ಗುತ್ತದೆ. ಶುದ್ಧ ಕಲ್ಚರ್‌ನ ಮೂಲ ಪ್ರತಿಯನ್ನು ಅಗಾರ್ ಹಾಕಿದ ಸಣ್ಣ ಕೊಳವೆಯಲ್ಲಿ ಎತ್ತಿಡಿ. ಹೊಸ ಬಾಟಲಿ ಬೇಕಾದಾಗಲೆಲ್ಲ ಅಲ್ಲಿಂದ ಶುರು ಮಾಡಿ. ಕೊಳವೆಗೂ ಬಾಟಲಿಗೂ ಜಾತಿ, ತಾರೀಖು, ಯಾವ ತಟ್ಟೆಯಿಂದ ಬಂದದ್ದು ಅಂತ ಬರೆದು ಅಂಟಿಸಿ. ಬಿಳಿ ಎಳೆಗಳೆಲ್ಲ ನೋಡಲು ಒಂದೇ ಥರ, ಆಮೇಲೆ ನೆನಪಿನಿಂದ ಹೇಳಲಾಗುವುದಿಲ್ಲ.

ಬೆಳೆದ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 5 ಡಿಗ್ರಿಯಲ್ಲಿಟ್ಟರೆ ಚಿಪ್ಪು ಅಣಬೆ, ಶಿಟಾಕೆ ಮೂರರಿಂದ ಆರು ತಿಂಗಳು ಚೆನ್ನಾಗಿರುತ್ತವೆ. ಮತ್ತೆ ಬಳಸುವ ಮುಂಚೆ ಒಂದು ಹನಿಯನ್ನು ಅಗಾರ್‌ಗೆ ಹಾಕಿ, ಜೀವ ಇದೆಯಾ, ಸ್ವಚ್ಛ ಇದೆಯಾ ನೋಡಿಕೊಳ್ಳಿ. ಭತ್ತದ ಹುಲ್ಲಿನ ಅಣಬೆಯನ್ನು ಮಾತ್ರ ಎಂದೂ ಫ್ರಿಜ್‌ಗೆ ಇಡಬೇಡಿ, ಆ ತಂಪಿಗೆ ಅದು ಸತ್ತುಹೋಗುತ್ತದೆ. ಗುಲಾಬಿ ಬಣ್ಣದ ಚಿಪ್ಪು ಅಣಬೆಗೂ ತಂಪು ಆಗುವುದಿಲ್ಲ. ಇವೆರಡನ್ನೂ 15 ಡಿಗ್ರಿಗಿಂತ ಕೆಳಗೆ ಇಳಿಯದ ಜಾಗದಲ್ಲಿಟ್ಟು, ಒಂದೆರಡು ತಿಂಗಳಿಗೊಮ್ಮೆ ಹೊಸ ತಟ್ಟೆಗೆ ಬದಲಾಯಿಸಿಕೊಳ್ಳಿ.